ಇನ್ನೂರು ಪಫ್‌ಗಳ ಲೆಕ್ಕ

ಉಬ್ಬಸದವರು ಜೊತೆಗಿಟ್ಟುಕೊಳ್ಳುವ ಸಾಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಔಷಧಿ ಇರುತ್ತದೆ. ಕಾಯಿಲೆ ಹಿಡಿತದಲ್ಲಿದ್ದರೆ ಅಷ್ಟು ಖಾಲಿಯಾಗಲು ವರ್ಷವೇ ಬೇಕಾಗಬಹುದು. ವರ್ಷಕ್ಕೆ ಮೂರು ಡಬ್ಬಿ ಮುಗಿಯುತ್ತಿದ್ದರೆ 600 ಪಫ್ ಆಯಿತು, ಅಂದರೆ ದಿನಕ್ಕೆ ಒಂದೂವರೆಗಿಂತ ಹೆಚ್ಚು. ತಿಂಗಳಿಗೊಂದು ಡಬ್ಬಿಯಾದರೆ ದಿನಕ್ಕೆ ಆರಕ್ಕೂ ಮೇಲೆ. ರಕ್ತಪರೀಕ್ಷೆಯಿಲ್ಲದೆ, ಎಕ್ಸ್‌ರೇ ಇಲ್ಲದೆ, ಮನೆಯಲ್ಲೇ ಕೂತು ಮಾಡಬಹುದಾದ ಈ ಲೆಕ್ಕ ಮುಂದಿನ ಅಪಾಯದ ಬಗ್ಗೆ ಬಹಳಷ್ಟು ಹೇಳುತ್ತದೆ.

ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ಜಿನಾ ಸಂಸ್ಥೆ ಈ ಎರಡು ಸಂಖ್ಯೆಗಳನ್ನೇ ಎಚ್ಚರಿಕೆಯ ಗೆರೆಗಳನ್ನಾಗಿ ಇಟ್ಟುಕೊಂಡಿದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಬಳಸುವವರಲ್ಲಿ ತೀವ್ರ ಉಬ್ಬಸದ ಸಾಧ್ಯತೆ ಹೆಚ್ಚು. ತಿಂಗಳಿಗೊಂದು ಬಳಸುವವರಲ್ಲಿ ಸಾವಿನ ಸಾಧ್ಯತೆಯೂ ಹೆಚ್ಚು. ಸ್ವೀಡನ್ನಿನಲ್ಲಿ 12ರಿಂದ 45 ವಯಸ್ಸಿನ 3.65 ಲಕ್ಷ ಅಸ್ತಮಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ವರ್ಷಕ್ಕೆ ಎರಡು ಅಥವಾ ಕಡಿಮೆ ಡಬ್ಬಿ ಬಳಸುವವರಿಗೆ ಹೋಲಿಸಿದರೆ ಹನ್ನೊಂದು ಅಥವಾ ಹೆಚ್ಚು ಬಳಸುವವರಲ್ಲಿ ಸಾವಿನ ಅಪಾಯ 2.35 ಪಟ್ಟು ಇತ್ತು.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಕಾಯಿಲೆ ಜೋರಾಗಿರುವವರೇ ಹೆಚ್ಚು ಪಫ್ ತೆಗೆದುಕೊಳ್ಳುತ್ತಾರೆ. ಹಾಗಿರುವಾಗ ತಪ್ಪು ಔಷಧಿಯದೋ ಕಾಯಿಲೆಯದೋ? ಉತ್ತರಕ್ಕೆ ಉಸಿರುನಾಳದ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಹಾಸಿಗೆಯಲ್ಲಿರುವ ಧೂಳಿನ ನುಸಿ, ಜಿರಲೆಯ ಹಿಕ್ಕೆ, ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಷ್ಟು, ಬಯಲಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ, ಇವು ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಅಲರ್ಜಿಯ ಒಲವು ಇರುವವರ ದೇಹ ಮಾತ್ರ ಅವನ್ನು ಶತ್ರು ಎಂದು ಭಾವಿಸಿ, ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಪ್ರತಿಕಾಯಗಳು ಉಸಿರುನಾಳದ ಒಳಪೊರೆಯಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾಯುತ್ತವೆ. ಅದೇ ಧೂಳು ಮತ್ತೆ ಒಳಗೆ ಬಂದಾಗ ಕೋಶಗಳು ಹಿಸ್ಟಮೀನ್, ಲ್ಯೂಕೋಟ್ರೈನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಬಿಡುತ್ತವೆ. ನಾಳವನ್ನು ಸುತ್ತಿರುವ ಸ್ನಾಯು ನಿಮಿಷಗಳಲ್ಲಿ ಬಿಗಿಯುತ್ತದೆ. ಎದೆ ಹಿಡಿದಂತಾಗುತ್ತದೆ, ಉಸಿರು ಬಿಡುವಾಗ ಕುಯ್‌ಗುಡುತ್ತದೆ.

ಇದು ಮೊದಲ ಘಟ್ಟ. ಎರಡನೆಯದು ಸದ್ದಿಲ್ಲದೆ ಬರುತ್ತದೆ. ನಾಲ್ಕರಿಂದ ಎಂಟು ಗಂಟೆಗಳ ನಂತರ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಸೇರುತ್ತವೆ. ಒಳಪೊರೆ ಊದಿಕೊಳ್ಳುತ್ತದೆ, ಅಂಟಾದ ಕಫ ತುಂಬುತ್ತದೆ. ಈ ಊತ ದಿನಗಟ್ಟಲೆ, ವಾರಗಟ್ಟಲೆ ಉಳಿಯಬಹುದು. ಊದಿಕೊಂಡ ನಾಳ ಅತಿಸೂಕ್ಷ್ಮವಾಗಿರುತ್ತದೆ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ, ತಣ್ಣನೆಯ ಗಾಳಿ, ಒಂದು ನೆಗಡಿ, ಯಾವುದು ತಗುಲಿದರೂ ಮತ್ತೆ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೇ ಮುಂದುವರಿದರೆ ನಾಳದ ಗೋಡೆ ದಪ್ಪಗಾಗಿ, ಯಾವ ಔಷಧಿಗೂ ಪೂರ್ತಿ ಅಗಲಗೊಳ್ಳದ ಸ್ಥಿತಿ ತಲುಪಬಹುದು. ಅಸ್ತಮಾ ಎಂದರೆ ಮೂಲತಃ ಈ ಊತ. ಉಬ್ಬಸ ಅದು ಹೊರಗೆ ಕಾಣಿಸಿಕೊಳ್ಳುವ ರೀತಿ.

ಇನ್ಹೇಲರ್‌ಗಳಲ್ಲಿ ಎರಡು ಬಗೆ ಏಕೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್‌ಗಳು ಸ್ನಾಯುವನ್ನು ಸಡಿಲಿಸುತ್ತವೆ. ಐದೇ ನಿಮಿಷದಲ್ಲಿ ಗುಣ ಕಾಣುತ್ತದೆ, ನಾಲ್ಕಾರು ಗಂಟೆ ನಿಲ್ಲುತ್ತದೆ. ಇವನ್ನು ಶಮನಕಾರಿ ಎನ್ನಬಹುದು. ಬ್ಯುಡಿಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್‌ಗಳು ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡುಗಳು; ಇವು ಊತವನ್ನೇ ಇಳಿಸುತ್ತವೆ. ಇವು ನಿಯಂತ್ರಕಗಳು. ತೆಗೆದುಕೊಂಡ ಕ್ಷಣ ಏನೂ ಅನ್ನಿಸುವುದಿಲ್ಲ, ಪೂರ್ತಿ ಪರಿಣಾಮ ಕಾಣಲು ದಿನಗಳು, ವಾರಗಳು ಬೇಕು. ಆದ್ದರಿಂದಲೇ ಜನ ಮೊದಲನೆಯದನ್ನು ನಂಬುತ್ತಾರೆ, ಎರಡನೆಯದನ್ನು ಅರ್ಧಕ್ಕೇ ಬಿಡುತ್ತಾರೆ. ಈ ಸಹಜ ನಡವಳಿಕೆಯಲ್ಲೇ ಅಪಾಯ ಅಡಗಿದೆ.

ಶಮನಕಾರಿಯೊಂದನ್ನೇ ನೆಚ್ಚಿಕೊಂಡರೆ ಮೂರು ಸಂಗತಿಗಳು ನಡೆಯುತ್ತವೆ. ಒಂದು, ಊತ ಇದ್ದ ಹಾಗೇ ಇರುತ್ತದೆ, ಆದರೆ ಅದರ ಸೂಚನೆಯಾದ ಬಿಗಿತ ಮಾಯವಾಗುವುದರಿಂದ ಎಲ್ಲ ಸರಿಹೋಯಿತು ಎನ್ನಿಸುತ್ತದೆ. ಎರಡು, ದಿನವೂ ಬಳಸುತ್ತ ಹೋದಂತೆ ಸ್ನಾಯುಕೋಶಗಳ ಮೇಲೆ ಔಷಧಿ ಹಿಡಿದುಕೊಳ್ಳುವ ಗ್ರಾಹಿಗಳು ಕಡಿಮೆಯಾಗುತ್ತವೆ. ಅಷ್ಟೇ ಪಫ್‌ಗೆ ಮೊದಲಿನಷ್ಟು ಗುಣ ಸಿಗುವುದಿಲ್ಲ. ಮೂರು, ಅಲರ್ಜಿಕಾರಕಗಳಿಗೆ ನಾಳದ ಪ್ರತಿಕ್ರಿಯೆಯೇ ಇನ್ನಷ್ಟು ತೀವ್ರವಾಗುತ್ತದೆ. ಒಂದು ದಿನ ದೊಡ್ಡ ಉಬ್ಬಸ ಬಂದಾಗ ನಾಳ ಕಫದಿಂದಲೂ ಊತದಿಂದಲೂ ಮುಚ್ಚಿರುತ್ತದೆ. ಸ್ನಾಯು ಸಡಿಲಿಸುವ ಔಷಧಿಗೆ ಅಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಇದು ಊಹೆಯಲ್ಲ ಎಂಬುದಕ್ಕೆ ಇತಿಹಾಸ ಸಾಕ್ಷಿ. ಒತ್ತಿದರೆ ಅಳತೆಯಷ್ಟೇ ಔಷಧಿ ಚಿಮ್ಮುವ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಮುಂದಿನ ದಶಕದಲ್ಲಿ ಐಸೊಪ್ರಿನಲಿನ್ ಎಂಬ ಶಮನಕಾರಿಯ ಮಾರಾಟ ಏರಿದಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5ರಿಂದ 34 ವಯಸ್ಸಿನವರ ಅಸ್ತಮಾ ಸಾವು ಸುಮಾರು ಮೂರು ಪಟ್ಟಾಯಿತು. ಎಚ್ಚರಿಕೆ ಹೊರಬಿದ್ದು ಬಳಕೆ ತಗ್ಗಿದ ಮೇಲೆ ಸಾವೂ ತಗ್ಗಿತು. 1976ರ ನಂತರ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಎಂಬ ಇನ್ನೊಂದು ಔಷಧಿಯ ಜೊತೆ ಇದೇ ಕಥೆ ಮರುಕಳಿಸಿತು. ಇಂದಿನ ಸಾಲ್ಬುಟಮಾಲ್ ಅವೆರಡಕ್ಕಿಂತ ಸುರಕ್ಷಿತ, ನಿಜ. ಆದರೂ ಬ್ರಿಟನ್ 2014ರಲ್ಲಿ ಪ್ರಕಟಿಸಿದ ಅಸ್ತಮಾ ಸಾವುಗಳ ರಾಷ್ಟ್ರೀಯ ಪರಿಶೀಲನೆಯನ್ನು ನೋಡಿ. 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಶಮನಕಾರಿ ಇನ್ಹೇಲರಿನ ಲೆಕ್ಕ ಸಿಕ್ಕವರಲ್ಲಿ ಶೇಕಡಾ 39 ಮಂದಿ ಹಿಂದಿನ ವರ್ಷ 12ಕ್ಕಿಂತ ಹೆಚ್ಚು ಡಬ್ಬಿ ಪಡೆದಿದ್ದರು. ಕೆಲವರು 50ಕ್ಕಿಂತ ಹೆಚ್ಚು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ನಡೆಯುತ್ತಿದ್ದದ್ದು ತಮ್ಮದು ಸೌಮ್ಯ ಅಥವಾ ಮಧ್ಯಮ ಅಸ್ತಮಾ ಎಂಬ ಎಣಿಕೆಯಲ್ಲಿ. ‘ನನ್ನದು ಸ್ವಲ್ಪವೇ ಇದೆ’ ಎಂಬ ಸಮಾಧಾನ ಎಷ್ಟು ತೆಳುವಾದದ್ದು ಎಂಬುದಕ್ಕೆ ಈ ಒಂದು ಅಂಶ ಸಾಕು.

ಇನ್ನೊಂದು ಬದಿಯ ಪುರಾವೆಯೂ ಇದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದ ದಾಖಲೆಗಳಿಂದ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದಿನ ವರ್ಷ ಬಳಸಿದ ಸ್ಟೀರಾಯ್ಡ್ ಇನ್ಹೇಲರಿನ ಪ್ರತಿ ಹೆಚ್ಚುವರಿ ಡಬ್ಬಿಗೆ ಅಸ್ತಮಾ ಸಾವಿನ ದರ ಶೇಕಡಾ 21ರಷ್ಟು ಇಳಿಯುತ್ತಿತ್ತು. ಒಂದು ಔಷಧಿಯ ಡಬ್ಬಿ ಹೆಚ್ಚಾದಷ್ಟೂ ಅಪಾಯ ಏರುತ್ತದೆ, ಇನ್ನೊಂದರ ಡಬ್ಬಿ ಹೆಚ್ಚಾದಷ್ಟೂ ಇಳಿಯುತ್ತದೆ. ಕಾಯಿಲೆಯ ಜೋರೊಂದೇ ಕಾರಣವಾಗಿದ್ದರೆ ಎರಡೂ ಒಂದೇ ದಿಕ್ಕಿಗೆ ಸಾಗಬೇಕಿತ್ತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ರೋಗಭಾರದ 2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಅಸ್ತಮಾ ಹೊರೆಯಲ್ಲಿ ನಮ್ಮ ಪಾಲು ಶೇಕಡಾ 13ರಷ್ಟು, ಅಸ್ತಮಾ ಸಾವುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು. ಕಾಯಿಲೆ ಅದೇ, ಔಷಧಿಗಳೂ ಅವೇ, ಮತ್ತೇಕೆ ಈ ಅಂತರ? ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ಜಾಗತಿಕ ಅಸ್ತಮಾ ಜಾಲದ ಅಧ್ಯಯನ ನಡೆಯಿತು. ಮಕ್ಕಳಲ್ಲೂ ದೊಡ್ಡವರಲ್ಲೂ ಕುಯ್‌ಗುಡುವ ಲಕ್ಷಣ ಇದ್ದದ್ದು ಶೇಕಡಾ 3ರಿಂದ 4ರ ಒಳಗೆ. ಅವರಲ್ಲಿ ಶೇಕಡಾ 82 ಮಂದಿಗೆ ಅಸ್ತಮಾ ಎಂಬ ನಿರ್ಣಯವೇ ಆಗಿರಲಿಲ್ಲ. ಸ್ಟೀರಾಯ್ಡ್ ಇನ್ಹೇಲರನ್ನು ದಿನವೂ ಬಳಸುತ್ತಿದ್ದವರು ಬಹಳ ಕಡಿಮೆ. ಉಳಿದವರು ಸಿರಪ್ಪು, ಮಾತ್ರೆ, ಆಗೊಮ್ಮೆ ಈಗೊಮ್ಮೆ ನೆಬ್ಯುಲೈಸರು, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಪಂಪು, ಹೀಗೆ ದಿನ ದೂಡುತ್ತಾರೆ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಮೀನಿನ ಔಷಧಿಗೆಂದು ಹೈದರಾಬಾದಿಗೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಅದು ಊತ ಇಳಿಸುತ್ತದೆ ಎಂಬುದಕ್ಕೆ ನಿಯಂತ್ರಿತ ಪರೀಕ್ಷೆಯ ಆಧಾರವಿಲ್ಲ; ಅದನ್ನು ನಂಬಿ ನಿಯಂತ್ರಕವನ್ನು ನಿಲ್ಲಿಸಿದರೆ ಅಪಾಯಕ್ಕೆ ಆಧಾರವಿದೆ.

ಹೊರೆ ಕಡಿಮೆಯಾಗುವ ಸೂಚನೆಯೂ ಇಲ್ಲ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಯಿಂದ ತೋರಿಸಿದಂತೆ, ಅಸ್ತಮಾ ಇದ್ದವರ ಪಾಲು 1979ರಲ್ಲಿ ಶೇಕಡಾ 9 ಇದ್ದದ್ದು 1989ರಲ್ಲಿ 18.5ಕ್ಕೆ, 1999ರಲ್ಲಿ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ಊರಿಗೆ ಅನ್ವಯಿಸುವಂತಿಲ್ಲ. ಆದರೆ ಒಂದೇ ಅಳತೆಗೋಲು ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ತೋರಿಸಿದರೆ ಆ ದಿಕ್ಕನ್ನು ಕಡೆಗಣಿಸುವಂತೆಯೂ ಇಲ್ಲ. ವಾಹನಗಳ ಹೊಗೆ, ಕಟ್ಟಡ ಕೆಲಸದ ಧೂಳು, ಗಾಳಿಯಾಡದ ಕೋಣೆಗಳು ಆಮೇಲೂ ಹೆಚ್ಚಿವೆ. ಬರೀ ಮೂಗಿನ ಅಲರ್ಜಿಯನ್ನೂ ಹಗುರವಾಗಿ ಕಾಣುವಂತಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗುಮಳೆಯ ಗಾಳಿ ಹುಲ್ಲಿನ ಪರಾಗವನ್ನು ನುಣ್ಣಗೆ ಒಡೆದು ಹರಡಿದಾಗ ಸಾವಿರಾರು ಜನ ಉಸಿರಿಗಾಗಿ ಆಸ್ಪತ್ರೆಗಳಿಗೆ ಓಡಿದರು, ಹತ್ತು ಮಂದಿ ಸತ್ತರು. ಅಂದು ಬಿದ್ದವರಲ್ಲಿ ಬಹಳ ಮಂದಿಗೆ ಅಲ್ಲಿಯವರೆಗೆ ಇದ್ದದ್ದು ಬರೀ ಮೂಗಿನ ಅಲರ್ಜಿ. ಮೂಗು ಮತ್ತು ಎದೆ ಒಂದೇ ದಾರಿಯ ಎರಡು ತುದಿ. ದಿನಾ ಬೆಳಿಗ್ಗೆ ಸೀನುವವರು ರಾತ್ರಿ ಕೆಮ್ಮುತ್ತಿದ್ದರೆ ಎದೆಯ ಪರೀಕ್ಷೆಯನ್ನೂ ಮಾಡಿಸಬೇಕು.

ಹಾಗಾದರೆ ಆಯ್ಕೆಗಳೇನು? ಈ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರ 2019ರಲ್ಲಿ ಬದಲಾಯಿತು. ಹಿಂದಿನ ವರ್ಷ ಪ್ರಕಟವಾದ, 12 ವರ್ಷ ದಾಟಿದ 3,800ಕ್ಕೂ ಹೆಚ್ಚು ಸೌಮ್ಯ ಅಸ್ತಮಾ ರೋಗಿಗಳ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಬೇಕಾದಾಗ ಶಮನಕಾರಿ ಮಾತ್ರ ಕೊಟ್ಟರು. ಕೆಲವರಿಗೆ ಬೇಕಾದಾಗ ಬ್ಯುಡಿಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಇರುವ ಇನ್ಹೇಲರ್ ಕೊಟ್ಟರು. ಎರಡನೆಯ ಗುಂಪಿನಲ್ಲಿ ತೀವ್ರ ಉಬ್ಬಸ ಶೇಕಡಾ 64ರಷ್ಟು ಕಡಿಮೆಯಾಯಿತು. ಇಲ್ಲಿ ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿದ್ದರಿಂದ ‘ಕಾಯಿಲೆ ಜೋರಿದ್ದವರು’ ಎಂಬ ಆಕ್ಷೇಪಕ್ಕೆ ಜಾಗವಿಲ್ಲ. ಇಂಥ ಪರೀಕ್ಷೆಗಳ ಬಲದ ಮೇಲೆ ಜಿನಾ 2019ರಲ್ಲಿ ಒಂದು ಮಾತು ಹೇಳಿತು: ಹದಿಹರೆಯದವರಿಗೂ ದೊಡ್ಡವರಿಗೂ ಶಮನಕಾರಿಯೊಂದನ್ನೇ ಕೊಟ್ಟು ಚಿಕಿತ್ಸೆ ಮಾಡಬಾರದು. ಐವತ್ತು ವರ್ಷದ ರೂಢಿಗೆ ಅಲ್ಲಿ ತೆರೆಬಿತ್ತು.

ಅಂದಿನಿಂದ ಮೊದಲ ಆಯ್ಕೆಯ ದಾರಿ ಹೀಗಿದೆ. ಫಾರ್ಮೊಟೆರಾಲ್ ಸಾಲ್ಬುಟಮಾಲ್‌ನಂತೆಯೇ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ, ಆದರೆ ಹನ್ನೆರಡು ಗಂಟೆ ನಿಲ್ಲುತ್ತದೆ. ಆದ್ದರಿಂದ ಸ್ಟೀರಾಯ್ಡ್ ಜೊತೆ ಅದಿರುವ ಒಂದೇ ಇನ್ಹೇಲರನ್ನು ಸೌಮ್ಯ ಕಾಯಿಲೆಯಲ್ಲಿ ಬೇಕಾದಾಗ ಮಾತ್ರ, ಹೆಚ್ಚಿದ್ದಾಗ ದಿನವೂ ಜೊತೆಗೆ ಬೇಕಾದಾಗಲೂ ಬಳಸಬಹುದು. ರೋಗಿ ಉಪಶಮನಕ್ಕೆ ಒತ್ತಿದ ಪ್ರತಿ ಸಲವೂ ಊತದ ಔಷಧಿಯೂ ತಾನಾಗಿ ಒಳಗೆ ಹೋಗುತ್ತದೆ. ದಿನಕ್ಕೆ ಎಷ್ಟು ಪಫ್ ಮೀರಬಾರದು ಎಂಬುದನ್ನು ವೈದ್ಯರು ಬರೆದುಕೊಡಬೇಕು. ಎರಡನೆಯ ದಾರಿಯಲ್ಲಿ ದಿನವೂ ಸ್ಟೀರಾಯ್ಡ್ ಇನ್ಹೇಲರ್, ಬೇಕಾದಾಗ ಸಾಲ್ಬುಟಮಾಲ್. ದಿನದ ಔಷಧಿಯನ್ನು ತಪ್ಪಿಸದವರಿಗೆ ಇದೂ ಸರಿ. ಸಾಲ್ಮೆಟೆರಾಲ್, ಫಾರ್ಮೊಟೆರಾಲ್‌ನಂಥ ದೀರ್ಘಕಾಲದ ಔಷಧಿಗಳನ್ನು ಅಸ್ತಮಾದಲ್ಲಿ ಸ್ಟೀರಾಯ್ಡ್ ಇಲ್ಲದೆ ಬಳಸಲೇಬಾರದು. ಅದರಿಂದ ಸಾವು ಹೆಚ್ಚಿದ್ದು ಪರೀಕ್ಷೆಯಲ್ಲೇ ಕಂಡಿದೆ. ಸಣ್ಣ ಮಕ್ಕಳ ಔಷಧಿ, ಪ್ರಮಾಣ ಬೇರೆ. ಅದನ್ನು ಮಕ್ಕಳ ವೈದ್ಯರೇ ತೀರ್ಮಾನಿಸಬೇಕು.

ಸ್ಟೀರಾಯ್ಡ್ ಎಂಬ ಹೆಸರು ಕೇಳಿದರೆ ತಾಯ್ತಂದೆಯರು ಹಿಂಜರಿಯುತ್ತಾರೆ. ಭಯವನ್ನು ಅಳತೆಗೆ ಹಚ್ಚಿ ನೋಡೋಣ. ಮಾತ್ರೆಗೂ ಪಫ್‌ಗೂ ಇರುವ ಅಂತರ ತಿಳಿಯಲು ಮೊದಲು ಶಮನಕಾರಿಯನ್ನೇ ತೆಗೆದುಕೊಳ್ಳಿ. ಒಂದು ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಔಷಧಿ, ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ. ಒಂದು ಮಾತ್ರೆ 40 ಪಫ್‌ಗೆ ಸಮ. ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ; ಪಫ್ ಬೇಕಾದ ಜಾಗಕ್ಕೇ ಹೋಗುತ್ತದೆ. ಸ್ಟೀರಾಯ್ಡಿನಲ್ಲೂ ಹೀಗೆಯೇ. ಬ್ಯುಡಿಸೊನೈಡ್ ಇನ್ಹೇಲರಿನ ದಿನದ ಕಡಿಮೆ ಪ್ರಮಾಣ 200ರಿಂದ 400 ಮೈಕ್ರೊಗ್ರಾಂ. ಅದಿಲ್ಲದೆ ಉಬ್ಬಸ ಉಲ್ಬಣಿಸಿದಾಗ ದೊಡ್ಡವರಿಗೆ ಬೇಕಾಗುವುದು ದಿನಕ್ಕೆ 40 ಮಿಲಿಗ್ರಾಂ ಆಸುಪಾಸಿನ ಪ್ರೆಡ್ನಿಸೊಲೋನ್ ಮಾತ್ರೆ. ಇಂಥ ಮಾತ್ರೆಯ ಸರದಿ ಜೀವಮಾನದಲ್ಲಿ ನಾಲ್ಕೈದು ಆದರೂ ಸಾಕು, ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಯ ಸಾಧ್ಯತೆ ಏರುತ್ತದೆ. ಇನ್ಹೇಲರಿನಿಂದ ದೋಷವೇ ಇಲ್ಲವೆಂದಲ್ಲ. ಗಂಟಲು ಒಡೆಯಬಹುದು, ಬಾಯಲ್ಲಿ ಬಿಳಿ ಹುಣ್ಣಾಗಬಹುದು. ಬಾಯಿ ಮುಕ್ಕಳಿಸಿ ಉಗುಳಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಬಾಲ್ಯದಲ್ಲಿ ವರ್ಷಗಟ್ಟಲೆ ಬ್ಯುಡಿಸೊನೈಡ್ ತೆಗೆದುಕೊಂಡವರು ದೊಡ್ಡವರಾದಾಗ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಗಿಡ್ಡವಿದ್ದರು ಎಂದು 2012ರ ಅಧ್ಯಯನ ಹೇಳುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಈ 1.2 ಸೆಂಟಿಮೀಟರ್, ಇನ್ನೊಂದರಲ್ಲಿ ಮಗುವಿನ ನಿದ್ದೆ, ಶಾಲೆ, ಆಟ ಮತ್ತು ಜೀವ. ತಂದೆತಾಯಿ ಎರಡನ್ನೂ ತಿಳಿದೇ ತೂಗಬೇಕು. ಇನ್ನು ‘ಪಂಪ್ ಹಿಡಿದರೆ ಬಿಡಲಾಗದು’ ಎಂಬ ಮಾತು. ಬಿಟ್ಟಾಗ ಮರಳಿ ಬರುವುದು ಕಾಯಿಲೆ. ಅದನ್ನು ಔಷಧಿಯ ಚಟ ಎನ್ನುವುದಾದರೆ ಕನ್ನಡಕವನ್ನೂ ಚಟ ಎನ್ನಬೇಕಾದೀತು.

ಸರಿಯಾದ ಔಷಧಿಯೂ ತಪ್ಪಾಗಿ ಸೇದಿದರೆ ವ್ಯರ್ಥ. ಶ್ವಾಸಕೋಶದ ಆಳ ತಲುಪಬೇಕಾದರೆ ಕಣ 1ರಿಂದ 5 ಮೈಕ್ರಾನ್ ಇರಬೇಕು, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದರಿಂದ ಐದು ಪಾಲು. ಪಂಪ್ ಒತ್ತಿದಾಗ ಔಷಧಿ ಭಾರೀ ವೇಗದಲ್ಲಿ ಹೊರಡುವುದರಿಂದ ಹೆಚ್ಚಿನದು ಗಂಟಲಿನ ಹಿಂದೆಯೇ ಬಡಿದು ನಿಲ್ಲುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ನಡುವೆ ಇದ್ದರೆ ವೇಗ ತಗ್ಗಿ, ದೊಡ್ಡ ಕಣಗಳು ಅಲ್ಲೇ ಅಂಟಿ, ಸಣ್ಣವು ಒಳಗೆ ಹೋಗುತ್ತವೆ. ಸ್ಪೇಸರ್ ಸಿಗದ ಕಡೆ ಏನು ಮಾಡಬೇಕು? ದಕ್ಷಿಣ ಆಫ್ರಿಕಾದ ವೈದ್ಯರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ರಂಧ್ರ ಮಾಡಿ ಪಂಪ್ ಕೂಡಿಸಿದರು. ಮಕ್ಕಳ ಉಬ್ಬಸದಲ್ಲಿ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು ಎಂದು 1999ರಲ್ಲಿ ತೋರಿಸಿದರು. ಪಂಪ್ ಬಳಸುವಾಗ ಮೊದಲು ಉಸಿರು ಪೂರ್ತಿ ಬಿಟ್ಟು, ಒತ್ತುತ್ತ ನಿಧಾನವಾಗಿ ಆಳಕ್ಕೆ ಎಳೆದು, ಎಣಿಸಿ ಹತ್ತು ಸೆಕೆಂಡು ಹಿಡಿಯಬೇಕು. ಕ್ಯಾಪ್ಸೂಲ್ ಹಾಕಿ ಸೇದುವ ಪುಡಿ ಇನ್ಹೇಲರಿನ ನಿಯಮ ತಿರುವುಮುರುವು: ಜೋರಾಗಿ, ರಭಸದಿಂದ ಎಳೆಯಬೇಕು, ಏಕೆಂದರೆ ಪುಡಿಯನ್ನು ಕಣಕಣವಾಗಿ ಒಡೆಯುವುದು ನಿಮ್ಮ ಉಸಿರಿನ ಬಲವೇ. ಅಷ್ಟು ಬಲವಿಲ್ಲದ ಪುಟ್ಟ ಮಕ್ಕಳಿಗೆ, ಬಹಳ ನಿಶ್ಶಕ್ತರಿಗೆ ಪಂಪ್ ಮತ್ತು ಸ್ಪೇಸರ್ ಮೇಲು. ಔಷಧಿ ಬದಲಿಸುವ ಮೊದಲು ವೈದ್ಯರೆದುರು ಒಮ್ಮೆ ಸೇದಿ ತೋರಿಸಿ.

ಈ ಹಾನಿ ತಪ್ಪಿಸಬಹುದಾದದ್ದು ಎಂಬುದಕ್ಕೂ ಅಳತೆಯಿದೆ. ಫಿನ್ಲೆಂಡ್ 1994ರಲ್ಲಿ ಹತ್ತು ವರ್ಷದ ಅಸ್ತಮಾ ಕಾರ್ಯಕ್ರಮ ಆರಂಭಿಸಿತು. ಬೇಗ ಪತ್ತೆ, ಮೊದಲ ದಿನದಿಂದ ಊತದ ಚಿಕಿತ್ಸೆ, ರೋಗಿಗೆ ಸ್ವಯಂ ನಿರ್ವಹಣೆಯ ಪಾಠ, ಊರಿನ ವೈದ್ಯರು, ದಾದಿಯರು, ಔಷಧಿ ಅಂಗಡಿಯವರಿಗೆ ತರಬೇತಿ, ಇಷ್ಟೇ ಅದರ ಸಾಮಗ್ರಿ. 1993ರಿಂದ 2003ರ ನಡುವೆ ಅಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳು 1,10,000ದಿಂದ 51,000ಕ್ಕೆ ಇಳಿದವು. ಹೊಸ ಔಷಧಿ ಕಂಡುಹಿಡಿಯಲಿಲ್ಲ, ಇದ್ದದ್ದನ್ನು ಸರಿಯಾದ ಕ್ರಮದಲ್ಲಿ ಜನರಿಗೆ ತಲುಪಿಸಿದರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಟೀರಾಯ್ಡ್ ಇನ್ಹೇಲರ್ ವರ್ಷವಿಡೀ ಸಿಗುವುದು, ಮೆಡಿಕಲ್ ಶಾಪಿನವರು ವರ್ಷದೊಳಗೆ ಮೂರನೆಯ ಪಂಪ್ ಕೇಳಿದವರನ್ನು ವೈದ್ಯರ ಬಳಿ ಕಳಿಸುವುದು, ಇವೆರಡೂ ನಮ್ಮ ಶಕ್ತಿಗೆ ಮೀರಿದವಲ್ಲ. ಇವು ಆಗದಿದ್ದರೆ ಏರುತ್ತಿರುವ ಅಲರ್ಜಿ, ಕೈಗೆ ಸುಲಭವಾಗಿ ಸಿಗುವ ಶಮನಕಾರಿ, ಕೈಗೆಟುಕದ ನಿಯಂತ್ರಕ ಮೂರೂ ಸೇರಿ ಎಲ್ಲಿಗೆ ಒಯ್ಯುತ್ತವೆ ಎಂಬುದನ್ನು ಮೇಲಿನ ಸಂಖ್ಯೆಗಳೇ ಹೇಳಿವೆ.

ಮನೆಮಟ್ಟಿಗೆ ಪ್ರಶ್ನೆಗಳು ನಾಲ್ಕು. ಕಳೆದ ನಾಲ್ಕು ವಾರಗಳಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಹಗಲಲ್ಲಿ ಉಬ್ಬಸ ಬಂತೇ? ರಾತ್ರಿ ಎಚ್ಚರವಾಯಿತೇ? ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಶಮನಕಾರಿ ಬೇಕಾಯಿತೇ? ಮೆಟ್ಟಿಲು, ಆಟ, ಕೆಲಸ ಯಾವುದಾದರೂ ತಪ್ಪಿತೇ? ಒಂದಕ್ಕೆ ‘ಹೌದು’ ಎಂದರೂ ಕಾಯಿಲೆ ಪೂರ್ತಿ ಹಿಡಿತದಲ್ಲಿಲ್ಲ. ಇನ್ನು ತುರ್ತಿನ ಗುರುತುಗಳು: ಒಂದು ವಾಕ್ಯ ಪೂರ್ತಿ ಹೇಳಲಾಗದ ಏದುಸಿರು, ತುಟಿ ನೀಲಿಗಟ್ಟುವುದು, ಮಂಕು ಕವಿಯುವುದು, ಪಫ್ ತೆಗೆದುಕೊಂಡರೂ ಗುಣ ನಿಲ್ಲದಿರುವುದು. ಜೋರಾಗಿದ್ದ ಕುಯ್‌ಗುಟ್ಟುವ ಸದ್ದು ಉಸಿರು ಸುಧಾರಿಸದೆಯೇ ನಿಂತುಹೋದರೆ ಅದು ಸಮಾಧಾನದ ಲಕ್ಷಣವಲ್ಲ. ಗಾಳಿ ಓಡಾಡುವುದೇ ನಿಲ್ಲುತ್ತಿದೆ ಎಂದರ್ಥ. ಆಗ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಮಲಗಿಸದೆ ಕೂರಿಸಿ, ದಾರಿಯುದ್ದಕ್ಕೂ ಸ್ಪೇಸರ್ ಮೂಲಕ ಶಮನಕಾರಿ ಕೊಡುತ್ತ ಆಸ್ಪತ್ರೆ ಸೇರಬೇಕು.

ಹೊಸ ಪಂಪ್ ತೆರೆದ ದಿನ ಅದರ ಮೈಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಮುಗಿದ ದಿನ ಆ ತಾರೀಕು ನೋಡಿ. ನಡುವೆ ನಾಲ್ಕು ತಿಂಗಳೂ ಕಳೆದಿಲ್ಲವಾದರೆ ಮುಂದಿನ ಪಂಪನ್ನು ಕೊಳ್ಳುವ ಮೊದಲು ಖಾಲಿ ಡಬ್ಬಿಯನ್ನು ವೈದ್ಯರ ಮೇಜಿನ ಮೇಲಿಟ್ಟು, ಊತಕ್ಕೆ ಔಷಧಿ ಕೇಳಿ.